ತೂತು ಸಣ್ಣದು, ಆಪರೇಷನ್ ದೊಡ್ಡದು

ಕಿಡ್ನಿ ಕೊಡ್ತೀನಿ ಅಂತ ಮನಸ್ಸು ಮಾಡಿದ್ದೀಯಲ್ಲ, ಮೊದಲು ಬಾ, ನಿನ್ನ ಬೆನ್ನು ತಟ್ಟಬೇಕು. ಅಪ್ಪನಿಗೋ, ಅಣ್ಣನಿಗೋ, ಕೈ ಹಿಡಿದವರಿಗೋ, ಯಾರಿಗೇ ಕೊಡು, ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಮೆಷಿನ್‌ಗೆ ತೋಳು ಕೊಟ್ಟು ಮಲಗುವ ಒಂದು ಜೀವವನ್ನ ಆ ಹಾಸಿಗೆಯಿಂದ ಎಬ್ಬಿಸಿ ಮನೆಗೆ ಕಳಿಸ್ತಿದ್ದೀಯ. ಅಂಥ ಮನಸ್ಸು ಎಲ್ಲರಿಗೂ ಬರಲ್ಲ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಆಡ್ತೀಯಲ್ಲ, "ಕೀಹೋಲ್ ಅಲ್ವಾ, ನಾಲ್ಕು ತೂತು ಅಷ್ಟೆ, ಮುಂದಿನ ಸೋಮವಾರ ಕೆಲಸಕ್ಕೆ ಹೋಗ್ತೀನಿ" ಅಂತ, ಅಲ್ಲಿ ನಿನ್ನ ಕಿವಿ ಹಿಂಡಬೇಕು ಅನ್ಸುತ್ತೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಗಾದೆ. ನಿನ್ನ ಬುದ್ಧಿಗೇನೂ ಕೊರತೆ ಇಲ್ಲ, ಬಲ್ಲೆ. ಆತುರ ಒಂದು ಹಿಡಿ ಜಾಸ್ತಿ. ಕಿಡ್ನಿ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದೇ ಕೂದಲು ನೆರೆಸಿಕೊಂಡವಳು ನಾನು. ಕೊಟ್ಟವರ ಹಾಸಿಗೆ ಪಕ್ಕ ನಿಂತು ಕಂಡದ್ದನ್ನ ಹೇಳ್ತೀನಿ, ಕೇಳಿಸ್ಕೋ.

ಹಿಂದೆ ಕೊಡುವವರ ಪಾಡು ಬೇರೆ ಇತ್ತು. 1954ರ ಡಿಸೆಂಬರ್ 23ರಂದು ಬೋಸ್ಟನ್‌ನಲ್ಲಿ ಡಾ. ಜೋಸೆಫ್ ಮರ್ರೆ ತಂಡದವರು ಅವಳಿ ಸೋದರರಲ್ಲಿ ಒಬ್ಬನ ಕಿಡ್ನಿ ತೆಗೆದು ಇನ್ನೊಬ್ಬನಿಗೆ ಹಾಕಿದರು. ಗೆದ್ದ ಮೊದಲ ಕಿಡ್ನಿ ಕಸಿ ಅದೇ. ಕೊಟ್ಟ ರೊನಾಲ್ಡ್ ಹೆರಿಕ್ ಆಮೇಲೆ ಐವತ್ತಾರು ವರ್ಷ ಬದುಕಿದ್ದ. ನಮ್ಮ ಪಕ್ಕದ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಕಿಡ್ನಿ ಕಸಿ 1971ರಲ್ಲಿ ಶುರುವಾಯ್ತು. ಆಗೆಲ್ಲ ಪಕ್ಕೆಯನ್ನ ಉದ್ದಕ್ಕೆ ಕುಯ್ದು, ಎಷ್ಟೋ ಸಲ ಪಕ್ಕೆಲುಬಿನ ಚೂರನ್ನೂ ತೆಗೆದು, ಒಳಗೆ ಕೈ ಹಾಕಬೇಕಿತ್ತು. ಕೊಟ್ಟವರು ತಿಂಗಳುಗಟ್ಟಲೆ ಆ ಮಗ್ಗುಲಿಗೆ ಮಲಗೋಕೆ ಆಗ್ತಿರಲಿಲ್ಲ. 1995ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಡಾ. ರ್‍ಯಾಟ್ನರ್ ಮತ್ತು ಡಾ. ಕವೂಸಿ ಮೊದಲ ಸಲ ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ನೀನು ಹೇಳುವ ಈ ಕೀಹೋಲ್‌ನಲ್ಲಿ, ದಾನಿಯ ಕಿಡ್ನಿ ತೆಗೆದರು. ಅವತ್ತಿನಿಂದ ಕೊಡುವವರ ಭಯ ಅರ್ಧ ಇಳೀತು. ನೋವು ಕಮ್ಮಿ, ಮೂರು ನಾಲ್ಕು ದಿನಕ್ಕೆ ಮನೆ. ಇದು ವರವೇ, ನಾನೇನೂ ಅಲ್ಲಗಳೆಯಲ್ಲ.

ಆದರೆ ಹೊಟ್ಟೆ ಮೇಲಿನ ತೂತು ಸಣ್ಣದಾಯ್ತು ಅಂತ ಒಳಗಿನ ಕೆಲಸ ಸಣ್ಣದಾಗಲಿಲ್ಲ. ಅಲ್ಲಿ ಏನು ಮಾಡ್ತಾರೆ ಗೊತ್ತಾ? ಹೊಟ್ಟೆಯೊಳಕ್ಕೆ ಇಂಗಾಲದ ಡೈಆಕ್ಸೈಡ್ ತುಂಬಿ ಉಬ್ಬಿಸ್ತಾರೆ. ಒಂದು ತೂತಿನಲ್ಲಿ ಕ್ಯಾಮೆರಾ, ಉಳಿದದ್ದರಲ್ಲಿ ಕತ್ತರಿ ಇಕ್ಕಳ. ಕರುಳನ್ನ ಪಕ್ಕಕ್ಕೆ ಸರಿಸಿ, ಎಡಗಡೆಯಾದರೆ ಗುಲ್ಮವನ್ನೂ ಸರಿಸಿ, ಕಿಡ್ನಿಗೆ ಸೇರುವ ಸಣ್ಣಪುಟ್ಟ ನರಗಳನ್ನೆಲ್ಲ ಒಂದೊಂದಾಗಿ ಮುಚ್ಚಿ ಕತ್ತರಿಸ್ತಾರೆ. ಕೊನೆಗೆ ದೊಡ್ಡ ರಕ್ತನಾಳಗಳು. ನಿನ್ನ ಹೃದಯ ಒತ್ತಿ ಕಳಿಸುವ ರಕ್ತದಲ್ಲಿ ಐದನೇ ಒಂದು ಪಾಲು ಎರಡು ಕಿಡ್ನಿಗೇ ಹೋಗುತ್ತೆ. ಅಷ್ಟು ಜೋರಿನ ನಾಳವನ್ನ ಕತ್ತರಿಸಿ, ಮುಚ್ಚಿ, ಕಿಡ್ನಿಯನ್ನ ಹೊಟ್ಟೆಯ ಕೆಳಗಡೆ ಸಿಸೇರಿಯನ್ ಜಾಗದಲ್ಲಿ ನಾಲ್ಕು ಬೆರಳಗಲ ಕುಯ್ದು ಹೊರಗೆ ತೆಗೀತಾರೆ. ಅಂದ ಹಾಗೆ ನಿನ್ನ ಎರಡು ಕಿಡ್ನಿಯಲ್ಲಿ ಚೆನ್ನಾಗಿ ಕೆಲಸ ಮಾಡೋದನ್ನ ನಿನಗೇ ಬಿಡ್ತಾರೆ. ಎರಡೂ ಸಮ ಇದ್ದರೆ ಸಾಮಾನ್ಯವಾಗಿ ಎಡಗಡೆಯದು. ಅದರ ನರ ಉದ್ದ, ಜೋಡಿಸೋಕೆ ಸಲೀಸು.

ಆ ದೊಡ್ಡ ನಾಳವನ್ನ ಮುಚ್ಚುವ ವಿಷಯದಲ್ಲಿ ಒಂದು ಮಾತು ಕೇಳಲೇಬೇಕು. ಬೀಗದ ಹಾಗೆ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ಪು ಅಂತ ಬರುತ್ತೆ. ಬೇರೆ ಎಷ್ಟೋ ಆಪರೇಷನ್‌ಗಳಲ್ಲಿ ಅದು ಒಳ್ಳೆ ಸಾಮಾನೇ. ಆದರೆ ಕಿಡ್ನಿ ಕೊಟ್ಟವರಲ್ಲಿ ಅದು ಜಾರಿ, ಗಂಟೆಗಳಾದ ಮೇಲೆ ಒಳಗೇ ರಕ್ತ ಸೋರಿ, ಜೀವಗಳು ಹೋದವು. 2006ರಲ್ಲೇ ತಯಾರಿಸುವವರು ದಾನಿಯ ಕಿಡ್ನಿ ಅಪಧಮನಿಗೆ ಇದನ್ನ ಹಾಕಬಾರದು ಅಂತ ಬರೆದರು. 2011ರಲ್ಲಿ ಅಮೆರಿಕದ ಎಫ್‌ಡಿಎ ಮತ್ತೆ ಆಸ್ಪತ್ರೆಗಳಿಗೆ ಎಚ್ಚರಿಕೆ ಕಳಿಸ್ತು. ನಾಳದ ಗೋಡೆಯನ್ನೇ ಚುಚ್ಚಿ ಹಿಡಿಯುವ ಸ್ಟೇಪ್ಲರ್ ಅಥವಾ ಹೊಲಿಗೆ ಅಲ್ಲಿಗೆ ಬೇಕು. ನೀನು ಸರ್ಜನ್‌ನ ಕಂಡಾಗ "ಡಾಕ್ಟ್ರೇ, ಅಪಧಮನಿನ ಹ್ಯಾಗೆ ಮುಚ್ತೀರಿ?" ಅಂತ ಕೇಳು. ಮೊಬೈಲ್ ಕೊಳ್ಳುವಾಗ ಅಂಗಡಿಯವನಿಗೆ ಇಪ್ಪತ್ತು ಪ್ರಶ್ನೆ ಹಾಕ್ತೀಯ, ಇಲ್ಲಿ ಯಾಕೆ ನಾಚಿಕೆ? ಒಳ್ಳೆ ಸರ್ಜನ್ ಬೇಜಾರು ಮಾಡ್ಕೊಳಲ್ಲ, ಖುಷಿಯಾಗಿ ಹೇಳ್ತಾರೆ.

ಲೆಕ್ಕವನ್ನೂ ಮುಚ್ಚಿಡಲ್ಲ. ಅಮೆರಿಕದಲ್ಲಿ 1994ರಿಂದ 2009ರವರೆಗೆ ಕಿಡ್ನಿ ಕೊಟ್ಟ ಎಂಬತ್ತು ಸಾವಿರ ಜನರನ್ನ ನೋಡಿದಾಗ, ಆಪರೇಷನ್ ಆದ ತೊಂಬತ್ತು ದಿನದೊಳಗೆ ತೀರಿಕೊಂಡವರು 10,000ಕ್ಕೆ ಮೂವರು. ಅಂದರೆ ಭಯಪಟ್ಟು ಓಡುವಂಥದ್ದಲ್ಲ, ಸೊನ್ನೆಯೂ ಅಲ್ಲ. ಅಲ್ಲೇ 2008ರಿಂದ 2012ರವರೆಗೆ ಕೊಟ್ಟ ಸುಮಾರು ಹದಿನೈದು ಸಾವಿರ ಮಂದಿಯಲ್ಲಿ, ಹೆಚ್ಚಿನವರದು ಕೀಹೋಲೇ, 100ಕ್ಕೆ ಹದಿನಾರು ಹದಿನೇಳು ಜನಕ್ಕೆ ಏನಾದರೊಂದು ತೊಂದರೆ ಕಾಣಿಸಿಕೊಂಡಿತ್ತು. ಬಹಳಷ್ಟು ಸಣ್ಣವು. ಹೊಟ್ಟೆ ಕಟ್ಟೋದು, ಜ್ವರ, ಸ್ವಲ್ಪ ರಕ್ತ ಹೋಗೋದು. ಐಸಿಯುಗೆ ಹೋಗುವಂಥ ದೊಡ್ಡ ತೊಂದರೆ 100ಕ್ಕೆ ಎರಡು ಮೂರು. ನೂರರಲ್ಲಿ ಒಬ್ಬಿಬ್ಬರಿಗೆ ನಡುವೆ ತೂತು ಬಿಟ್ಟು ಹೊಟ್ಟೆಯನ್ನೇ ತೆರೀಬೇಕಾಗುತ್ತೆ. ನೀನು ಸಹಿ ಹಾಕುವ ಕಾಗದದಲ್ಲಿ ಅದೂ ಬರೆದಿರುತ್ತೆ. ಓದಿ ಸಹಿ ಹಾಕು, ಮಗೂ. ಕೊನೆ ಪುಟಕ್ಕೆ ಬೆರಳು ಜಾರಿಸಿ "ಎಲ್ಲಿ ಹಾಕ್ಬೇಕು" ಅಂತ ಕೇಳಬೇಡ.

ಡಾಕ್ಟರ ಹತ್ತಿರ, ವಕೀಲರ ಹತ್ತಿರ ಸುಳ್ಳು ಹೇಳಬಾರದು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಸಿಗರೇಟು ಸೇದ್ತೀಯಾ? ಹೇಳು, ಮತ್ತೆ ಆಪರೇಷನ್‌ಗೆ ತಿಂಗಳು ಮುಂಚೆಯಾದರೂ ಬಿಡು. ಸೇದುವವರ ಶ್ವಾಸಕೋಶ ಅರಿವಳಿಕೆ ಆದ ಮೇಲೆ ಕಫ ಕಟ್ಟಿಕೊಂಡು ಕಾಟ ಕೊಡುತ್ತೆ. ಹುಡುಗಿಯರು ಮುಟ್ಟು ಮುಂದೂಡೋಕೆ, ಗರ್ಭ ತಡೆಯೋಕೆ ಮಾತ್ರೆ ತಗೊಳ್ತಿದ್ದರೆ ಅದನ್ನೂ ಬಾಯಿ ಬಿಟ್ಟು ಹೇಳಬೇಕು. ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟೋಕೆ ಅಂಥ ಕೆಲವು ಮಾತ್ರೆಗಳು ದಾರಿ ಮಾಡಿಕೊಡ್ತವೆ. ಅತ್ತೆ ಎದುರು ಹೇಳೋಕೆ ಮುಜುಗರ ಅಂದರೆ ಅತ್ತೆಯನ್ನ ಹೊರಗೆ ಕಳಿಸಿ ಹೇಳು, ಅದಕ್ಕೇ ನಾವು ಸಿಸ್ಟರ್‌ಗಳು ಇರೋದು. ಕೊಡೋಕೆ ಮನಸ್ಸಿಲ್ಲ, ಮನೆಯವರ ಒತ್ತಾಯಕ್ಕೆ ಬಂದೆ ಅನ್ನೋದಿದ್ದರೆ ಅದನ್ನೂ ಆಗಲೇ ಹೇಳು. 1994ರ ಅಂಗಾಂಗ ಕಸಿ ಕಾನೂನಿನ ಪ್ರಕಾರ ಸ್ವಂತ ಇಷ್ಟದಿಂದ ಕೊಡ್ತಿದ್ದೀಯಾ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು. ಟೇಬಲ್ ಹತ್ತುವ ತನಕ ಬೇಡ ಅನ್ನೋಕೆ ನಿನಗೆ ಹಕ್ಕಿದೆ.

ಇನ್ನು ಎಚ್ಚರ ಆದ ಮೇಲಿನ ಕತೆ. ಕಣ್ಣು ಬಿಡ್ತೀಯ, ಹೊಟ್ಟೆ ನೋವಿಗಿಂತ ಭುಜ ನೋಯುತ್ತೆ. ಗಟ್ಟಿಮುಟ್ಟಾದ ಹುಡುಗರೂ ಹಾರ್ಟ್ ಅಟ್ಯಾಕ್ ಅಂತ ಬೆವರಿದ್ದನ್ನ ನೋಡಿದ್ದೀನಿ. ಒಳಗೆ ಉಳಿದ ಗ್ಯಾಸು ವಪೆಯನ್ನ ಕೆರಳಿಸುತ್ತೆ, ಆ ನೋವು ಭುಜದಲ್ಲಿ ಕಾಣಿಸುತ್ತೆ. ಎರಡು ಮೂರು ದಿನದಲ್ಲಿ ತಾನೇ ಹೋಗುತ್ತೆ, ಎದ್ದು ಓಡಾಡಿದರೆ ಬೇಗ ಹೋಗುತ್ತೆ. ಅದಕ್ಕೇ ಮಾರನೇ ದಿನವೇ ಸಿಸ್ಟರ್ ಬಂದು ಏಳು ಅಂತಾಳೆ. ಅವಳ ಮೇಲೆ ರೇಗಬೇಡ. ಒಂದು ಕೈಯಲ್ಲಿ ಮೂತ್ರದ ಚೀಲ, ಇನ್ನೊಂದು ಕೈ ಸಲೈನ್ ಕಂಬದ ಮೇಲೆ, ಬಾಗಿಲ ತನಕ ಹೋಗಿ ಬಾ. ಸಂಜೆ ಕಾರಿಡಾರ್ ಕೊನೆ ತನಕ. ಮೊದಲ ಸಲ ಎದ್ದಾಗ ತಲೆ ಸುತ್ತುತ್ತೆ, ಆದ್ದರಿಂದ ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು ಆಮೇಲೆ ಏಳು. ಕಾಲು ಕೆಳಗಿಟ್ಟ ತಕ್ಷಣ ಹೀರೋ ಆಗೋಕೆ ಹೋಗಬೇಡ.

ಕೈಗೆ ಒಂದು ಪ್ಲಾಸ್ಟಿಕ್ ಡಬ್ಬಿ ಕೊಡ್ತಾರೆ, ಒಳಗೆ ಮೂರು ಚೆಂಡು, ಪಕ್ಕದಲ್ಲಿ ಕೊಳವೆ. ಊದೋದಲ್ಲ, ಒಳಕ್ಕೆ ಎಳೆಯೋದು. ಎಷ್ಟೋ ಜನ ಊದಿ ಊದಿ ಚೆಂಡು ಏಳಲ್ಲ ಅಂತ ಬಿಟ್ಟುಬಿಡ್ತಾರೆ. ತುಟಿ ಬಿಗಿಯಾಗಿ ಮುಚ್ಚಿ ನಿಧಾನಕ್ಕೆ ಎಳೆ, ಮೊದಲ ಚೆಂಡು ಏಳುತ್ತೆ, ಎರಡನೆಯದು ಅರ್ಧಕ್ಕೆ ಬಂದು ನಡುಗುತ್ತೆ. ಅಲ್ಲೇ ಎರಡು ಮೂರು ಎಣಿಸುವ ತನಕ ಹಿಡಿ. ಎಚ್ಚರ ಇರುವಾಗ ಗಂಟೆಗೊಮ್ಮೆ ಹತ್ತು ಸಲ. ಹೊಟ್ಟೆ ನೋಯುತ್ತೆ ಅಂತ ಉಸಿರು ಮೇಲೆ ಮೇಲೆ ಆಡಿದರೆ ಶ್ವಾಸಕೋಶದ ತಳ ಮುದುಡಿಕೊಂಡು ಜ್ವರ ಬರುತ್ತೆ, ನ್ಯುಮೋನಿಯಾ ಆಗುತ್ತೆ. ಕೆಮ್ಮು ಬಂದರೆ ದಿಂಬನ್ನ ಹೊಟ್ಟೆಗೆ ಒತ್ತಿ ಹಿಡಿದು ಕೆಮ್ಮು. ಆಮೇಲೆ ರೌಂಡ್ಸಿಗೆ ಬಂದವರೆಲ್ಲ "ಗ್ಯಾಸ್ ಹೋಯ್ತಾ?" ಅಂತ ಕೇಳ್ತಾರೆ. ಮುಖ ಕೆಂಪು ಮಾಡ್ಕೊಂಡು ಸುಮ್ಮನಾಗಬೇಡ. ಕರುಳು ನಿದ್ದೆಯಿಂದ ಎದ್ದಿದೆಯಾ ಅಂತ ತಿಳಿಯೋ ದಾರಿ ಅದು. ಹೋಗದಿದ್ದರೆ ಹೋಗಿಲ್ಲ ಅನ್ನು. ಹೋಗದೆಯೇ ಹೋಯ್ತು ಅಂದು ಇಡ್ಲಿ ತರಿಸಿಕೊಂಡು ತಿಂದವರು ರಾತ್ರಿಯಿಡೀ ವಾಂತಿ ಮಾಡಿಕೊಂಡದ್ದುಂಟು.

ಗಂಡುಮಕ್ಕಳಿಗೆ ಒಂದು ಮಾತು, ಯಾರೂ ಬಿಡಿಸಿ ಹೇಳಲ್ಲ, ನಾನು ಹೇಳ್ತೀನಿ. ಎಡ ವೃಷಣದಿಂದ ಬರುವ ನರ ಎಡ ಕಿಡ್ನಿಯ ನರಕ್ಕೇ ಸೇರುತ್ತೆ. ಕಿಡ್ನಿ ತೆಗೆಯುವಾಗ ಅದನ್ನೂ ಕತ್ತರಿಸ್ತಾರೆ. ಹಾಗಾಗಿ ಕೆಲವರಿಗೆ ಕೆಲವು ದಿನ ಆದ ಮೇಲೆ ಆ ಜಾಗ ನೋಯೋದು, ಊದಿಕೊಳ್ಳೋದು ಆಗುತ್ತೆ. ತಾಯಿಗೆ ಕಿಡ್ನಿ ಕೊಟ್ಟ ಒಬ್ಬ ಹುಡುಗ ಚೆಕಪ್ಪಿಗೆ ಬಂದಾಗಲೆಲ್ಲ "ಆರಾಮ್" ಅಂತಿದ್ದ, ಆದರೆ ಕುರ್ಚಿಯ ಅಂಚಿನಲ್ಲಿ ಒಂದೇ ಮಗ್ಗುಲಿಗೆ ಕೂರ್ತಿದ್ದ. ಡಾಕ್ಟರು ಹೆಂಗಸು, ಅದಕ್ಕೇ ಬಾಯಿ ಬಂದಿರಲಿಲ್ಲ. ನಾನು ಗಂಡಸು ಡಾಕ್ಟರನ್ನ ಕರೆದು ಬಾಗಿಲು ಮುಚ್ಚಿದೆ. ಸ್ಕ್ಯಾನ್ ಮಾಡಿದರು, ಹೆದರುವಂಥದ್ದೇನಿಲ್ಲ ಅಂದರು, ಕೆಲವು ವಾರದಲ್ಲಿ ಇಳೀತು. ಅಷ್ಟು ದಿನ ಆ ಹುಡುಗ ಕ್ಯಾನ್ಸರ್ ಅಂತ ಅಂದ್ಕೊಂಡು ರಾತ್ರಿ ನಿದ್ದೆಗೆಟ್ಟಿದ್ದ. ಒಂದು ಮಾತು ಆಡಿದ್ದರೆ ಮುಗಿದು ಹೋಗ್ತಿತ್ತು. ತೊಡೆಯ ಮುಂಭಾಗ ಜುಮ್ ಅನ್ನೋದೂ ಕೆಲವರಿಗೆ ಇರುತ್ತೆ, ಬಹಳ ಜನಕ್ಕೆ ನಿಧಾನವಾಗಿ ಹೋಗುತ್ತೆ. ಅದನ್ನೂ ಹೇಳಿಡು.

ಇನ್ನೊಬ್ಬಳು ಅಣ್ಣನಿಗೆ ಕೊಟ್ಟವಳು. ಊರಿಗೆ ಹೋದ ಮೇಲೆ ಅವರಮ್ಮ ಬಾಣಂತನದ ಅಡುಗೆಯನ್ನೇ ಮಾಡಿ ಹಾಕಿದರು. ತುಪ್ಪ, ಕೊಬ್ಬರಿ, ಬಾದಾಮಿ ಹಾಲು. ಹೊಟ್ಟೆ ದಪ್ಪ ಆಯ್ತು. ಮಗಳು ಮೈ ಕೈ ತುಂಬಿಕೊಳ್ತಿದ್ದಾಳೆ ಅಂತ ಮನೆಯವರಿಗೆಲ್ಲ ಸಂತೋಷ. ಕೈ ಕಾಲು ಬಡಕಲು, ಹೊಟ್ಟೆ ಮಾತ್ರ ಬಿಗಿ, ಎರಡು ತುತ್ತಿಗೇ ಸಾಕು ಅನ್ನಿಸೋದು. ಬಂದಾಗ ಡಾಕ್ಟರು ಸೂಜಿ ಹಾಕಿದರೆ ಹಾಲಿನಂಥ ನೀರು. ಕಿಡ್ನಿ ಸುತ್ತ ದುಗ್ಧರಸದ ಸಣ್ಣ ಸಣ್ಣ ನಾಳ ಇರ್ತವೆ. ತಿಂದ ಕೊಬ್ಬನ್ನ ಹೊತ್ತೊಯ್ಯುವ ರಸ ಅದರಲ್ಲಿ ಹರಿಯುತ್ತೆ. ಯಾವುದೋ ಒಂದು ಸರಿಯಾಗಿ ಮುಚ್ಚಿಕೊಳ್ಳದೆ ಸೋರಿ ಹೊಟ್ಟೆಯಲ್ಲಿ ತುಂಬಿತ್ತು. ತುಂಬ ಅಪರೂಪ ಇದು, ಆದರೆ ಕಂಡದ್ದು ಕಂಡದ್ದೇ. ನೀರು ತೆಗೆದು, ಎಣ್ಣೆ ತುಪ್ಪ ಪೂರ್ತಿ ನಿಲ್ಲಿಸಿ, ತೂಕ ನೋಡ್ತಾ ನೋಡ್ತಾ ವಾಸಿ ಮಾಡಿದರು. ಕೆಲವರಿಗೆ ಅದನ್ನ ಮುಚ್ಚೋಕೆ ಮತ್ತೆ ಆಪರೇಷನ್ನೇ ಬೇಕಾಗುತ್ತೆ. ಅಮ್ಮನ ಪ್ರೀತಿಯನ್ನ ಯಾಕೆ ಅನ್ನಲಿ? ಊಟ ಕಮ್ಮಿ ಆಗಿ ಹೊಟ್ಟೆ ಮಾತ್ರ ದಪ್ಪ ಆಗ್ತಿದ್ದರೆ ಅದು ಮೈ ತುಂಬಿದ್ದಲ್ಲ, ಅಷ್ಟು ತಿಳ್ಕೋ.

ಮನೆಗೆ ಹೋದ ಮೇಲೆ ಕಾಯದೆ ಹೊರಡಬೇಕಾದ ಸಂದರ್ಭಗಳಿವೆ. ಒಂದೇ ಕಾಲಿನ ಮೀನಖಂಡ ಊದಿ ನೋಯ್ತಿದ್ದರೆ, ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದರೆ, ಹೊಟ್ಟೆ ಕಲ್ಲಾಗಿ ಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ, ತಲೆ ಸುತ್ತಿ ಮುಖ ಬಿಳಿಚಿಕೊಂಡರೆ, ಬೆಳಗಾಗಲಿ ಅಂತ ಕೂರಬೇಡ. ಕರುಳಿಗೆ ಬಿದ್ದ ಸಣ್ಣ ಗಾಯ ಮೊದಲ ದಿನ ಗೊತ್ತಾಗದೆ ಮೂರು ನಾಲ್ಕು ದಿನಕ್ಕೆ ತಲೆ ಎತ್ತೋದುಂಟು. ಊರಿನ ಡಾಕ್ಟರ ಹತ್ತಿರ ಹೋದರೂ "ನಾನು ಕಿಡ್ನಿ ಕೊಟ್ಟವನು, ಇಂಥ ದಿನ ಆಪರೇಷನ್ ಆಯ್ತು" ಅಂತ ಮೊದಲ ಮಾತೇ ಅದಿರಲಿ. ಡಿಸ್ಚಾರ್ಜ್ ಚೀಟಿಯ ಫೋಟೋ ಮೊಬೈಲಿನಲ್ಲಿ ಇಟ್ಕೋ. ಫೋಟೋ ತೆಗೆಯೋದು ನಿನಗೆ ಹೇಳಿಕೊಡಬೇಕಾ?

ಭಾರ ಎತ್ತೋ ವಿಷಯದಲ್ಲಿ ನೀನು ಮಾತು ಕೇಳಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಎರಡನೇ ವಾರಕ್ಕೆ ಚರ್ಮದ ಗಾಯ ಮಾಯುತ್ತೆ, ಕನ್ನಡಿ ಮುಂದೆ ನಿಂತು ಎಲ್ಲಾ ಸರಿಹೋಯ್ತು ಅಂತೀಯ. ಹೊಸ ಗಾರೆ ನೆಲ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರೋ ಹಾಗೆ ಆ ಹೊಟ್ಟೆ. ಆರು ವಾರ ಐದು ಕೆಜಿಗಿಂತ ಹೆಚ್ಚು ಎತ್ತಬೇಡ. ಇಪ್ಪತ್ತು ಲೀಟರಿನ ನೀರಿನ ಕ್ಯಾನು, ಗ್ಯಾಸ್ ಸಿಲಿಂಡರು, ಅಕ್ಕಿ ಮೂಟೆ, ಜಿಮ್ಮಿನ ಕಬ್ಬಿಣ, ಯಾವುದೂ ಬೇಡ. ಎತ್ತಿದರೆ ಸ್ನಾಯು ಬಿಟ್ಟುಕೊಂಡು ಕರುಳು ಆ ತೂತಿನಲ್ಲೇ ಇಣುಕುತ್ತೆ. ಕೆಮ್ಮಿದಾಗ ಉಬ್ಬುವ ಗಂಟು ಕಂಡರೆ ಅದು ಹರ್ನಿಯಾ. ಒಂದು ಆಪರೇಷನ್‌ಗೆ ಬಂದವನು ಇನ್ನೊಂದಕ್ಕೆ ಬರಬೇಕಾಗುತ್ತೆ. ಕುರ್ಚಿ ಮೇಲೆ ಕೂತು ಮಾಡುವ ಕೆಲಸಕ್ಕೆ ಮೂರು ನಾಲ್ಕು ವಾರ, ಮೈ ಬಗ್ಗಿಸಿ ದುಡಿಯುವ ಕೆಲಸಕ್ಕೆ ಆರೆಂಟು ವಾರ ರಜೆ ಮೊದಲೇ ಬರೆದುಕೊಡು. ಗದ್ದೆ ಕೆಲಸದವನು ನಾಟಿ ಹೊತ್ತಿಗೆ ಆಪರೇಷನ್ ಇಟ್ಕೊಂಡರೆ ಮನಸ್ಸು ತಡೆಯಲ್ಲ, ಹಿಂದೆ ಮುಂದೆ ನೋಡಿ ದಿನ ಕೇಳು.

ನೋವಿನ ಮಾತ್ರೆಯ ಮಾತೂ ಇಲ್ಲೇ ಬರಲಿ. ಆಸ್ಪತ್ರೆಯಲ್ಲಿ ಕೊಟ್ಟದ್ದು ಮಾತ್ರ. ಮೆಡಿಕಲ್ ಶಾಪಿನಲ್ಲಿ ಕೈ ಚಾಚಿದರೆ ಸಿಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಇನ್ನು ಮೇಲೆ ನಿನಗಲ್ಲ. ಇರೋದು ಒಂದೇ ಕಿಡ್ನಿ, ಅದರ ರಕ್ತವನ್ನ ಅವು ಕಮ್ಮಿ ಮಾಡ್ತವೆ. ತಲೆನೋವೋ ಸೊಂಟನೋವೋ ಬಂದರೆ ಪ್ಯಾರಾಸಿಟಮಾಲ್, ಅದಕ್ಕೂ ಬಗ್ಗದಿದ್ದರೆ ಡಾಕ್ಟರು. ಏನು ಸೇರಿದೆ ಅಂತ ಗೊತ್ತಿಲ್ಲದ ನಾಟಿ ಪುಡಿಯನ್ನ ಯಾರೇ ಪ್ರೀತಿಯಿಂದ ಕೊಟ್ಟರೂ ಬೇಡ ಅನ್ನು.

ಈಗ ಮನೆಯ ವಿಷಯ, ನನಗೆ ಹೆಚ್ಚು ಸಂಕಟ ಕೊಟ್ಟದ್ದು ಇದೇ. ಕಸಿ ಆದ ದಿನದಿಂದ ಎಲ್ಲರ ಕಣ್ಣೂ ಕಿಡ್ನಿ ಪಡೆದವರ ಮೇಲೆ. ಅಪ್ಪನಿಗೆ ಎಷ್ಟು ಲೀಟರ್ ಮೂತ್ರ ಬಂತು, ಕಿಡ್ನಿ ಕೆಲಸ ತೋರಿಸುವ ಕ್ರಿಯಾಟಿನಿನ್ ಎಷ್ಟಕ್ಕೆ ಇಳೀತು, ಫೋನು ಮೇಲೆ ಫೋನು. ಕೊಟ್ಟವರು ಇನ್ನೊಂದು ವಾರ್ಡಿನಲ್ಲಿ ಗೋಡೆ ಕಡೆ ತಿರುಗಿ ಮಲಗಿರ್ತಾರೆ. ಮೂರನೇ ನಾಲ್ಕನೇ ದಿನಕ್ಕೆ ಕಾರಣ ಇಲ್ಲದೆ ಅಳು ಬರುತ್ತೆ. ಕೊಟ್ಟದ್ದಕ್ಕೆ ಪಶ್ಚಾತ್ತಾಪ ಅಂತ ಜನ ತಿಳೀತಾರೇನೋ ಅಂತ ಅದನ್ನ ನುಂಗಿಕೊಳ್ತಾರೆ. ನುಂಗಬೇಡ. ಅದು ಬಹಳ ಜನಕ್ಕೆ ಬರುತ್ತೆ. ಹತ್ತಿರದ ಒಬ್ಬರನ್ನ ಮೊದಲೇ ಗೊತ್ತು ಮಾಡ್ಕೋ, ಅವರು ನಿನಗೇ ಮೀಸಲು, ಅಪ್ಪನ ಹಾಸಿಗೆಗೆ ಓಡಬಾರದು. ನಮ್ಮ ದೇಶದಲ್ಲಿ ಬದುಕಿರುವಾಗಲೇ ಕಿಡ್ನಿ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ತಾಯಿ ಇಲ್ಲ ಹೆಂಡತಿ. ಹತ್ತನೇ ದಿನಕ್ಕೆ ಒಲೆ ಮುಂದೆ ನಿಂತಿರ್ತಾರೆ, ಕೇಳಿದರೆ "ನನಗೇನಾಗಿದೆ, ಗಟ್ಟಿಯಾಗಿದ್ದೀನಿ" ಅಂತಾರೆ. ನೀನು ಹುಡುಗಿಯಾಗಿದ್ದರೆ ಆ ಮಾತು ನಿನ್ನ ಬಾಯಲ್ಲೂ ಬರುತ್ತೆ. ಬಂದರೆ ನನ್ನ ಮೇಲಾಣೆ, ಸೌಟು ಕೆಳಗಿಡು. ಅಡುಗೆಗೆ ತಮ್ಮ ಇದ್ದಾನಲ್ಲ, ಅನ್ನ ಸಾರು ಮಾಡೋಕೆ ಕಲೀಲಿ.

ವರ್ಷಗಳು ಕಳೆದ ಮೇಲಿನದ್ದು ಇನ್ನು ಸ್ವಲ್ಪವೇ. ಉಳಿದ ಕಿಡ್ನಿ ಕೊಂಚ ದೊಡ್ಡದಾಗಿ, ಮೊದಲು ಎರಡೂ ಸೇರಿ ಮಾಡ್ತಿದ್ದ ಕೆಲಸದಲ್ಲಿ ಸುಮಾರು 100ಕ್ಕೆ ಎಪ್ಪತ್ತರಷ್ಟನ್ನ ಒಂದೇ ಮಾಡುತ್ತೆ. ಹಾಗಾಗಿ ನಿನ್ನ ಕ್ರಿಯಾಟಿನಿನ್ ಮುಂಚಿಗಿಂತ ಸ್ವಲ್ಪ ಮೇಲಿರುತ್ತೆ, ಲ್ಯಾಬಿನವರು ಅದರ ಮುಂದೆ ನಕ್ಷತ್ರ ಹಾಕಿದರೆ ಗಾಬರಿ ಆಗಬೇಡ. ನಿನಗೇ ಮುಂದೆ ಕಿಡ್ನಿ ಕೈ ಕೊಡುವ ಅಪಾಯ ಜೀವಮಾನದಲ್ಲಿ 10,000ಕ್ಕೆ ತೊಂಬತ್ತು ಅಂತ 2014ರ ಅಮೆರಿಕದ ಲೆಕ್ಕ. ಕೊಡದೇ ಇದ್ದ ಅಷ್ಟೇ ಆರೋಗ್ಯವಂತರಲ್ಲಿ ಹದಿನಾಲ್ಕು. ನೂರರಲ್ಲಿ ಒಂದಕ್ಕಿಂತ ಕಮ್ಮಿ, ಆದರೂ ಹೆಚ್ಚಾಗಿದೆ ಅನ್ನೋದು ನಿಜ. ಬಸುರಿಯಾದಾಗ ಬಿಪಿ ಏರೋದು ಕೊಟ್ಟವರಲ್ಲಿ 100ಕ್ಕೆ ಹನ್ನೊಂದು, ಕೊಡದವರಲ್ಲಿ ಐದು. ಮದುವೆ ಮಕ್ಕಳ ಯೋಚನೆ ಇದ್ದರೆ ಆಪರೇಷನ್ ಆಗಿ ಒಂದು ವರ್ಷ ತಡೆದು ಆಮೇಲೆ ಬಸುರಿಯಾಗು, ಹೆರಿಗೆ ಡಾಕ್ಟರಿಗೆ ಮೊದಲ ಭೇಟಿಯಲ್ಲೇ ಹೇಳು.

ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್, ಈ ಮೂರು ನೋಡಿಸಬೇಕು. ನೀನು ಮೊದಲ ವರ್ಷ ಹೋಗ್ತೀಯ, ಎರಡನೇ ವರ್ಷ ಮುಂದೂಡ್ತೀಯ, ಮೂರನೇ ವರ್ಷ ಮರೀತೀಯ. ಎಲ್ಲರೂ ಹಾಗೇ ಮಾಡ್ತಾರೆ. ಅಪ್ಪ ಹೇಗೂ ತಪ್ಪದೆ ಚೆಕಪ್ಪಿಗೆ ಹೋಗ್ತಾರೆ, ಅವರ ಜೊತೆ ಬಸ್ ಹತ್ತು. ಅವರ ರಕ್ತ ತೆಗೆಯುವ ಹುಡುಗಿಗೆ ನಿನ್ನ ತೋಳನ್ನೂ ಕೊಡು, ಹೋದ ವರ್ಷದ ರಿಪೋರ್ಟನ್ನ ಜೇಬಿನಲ್ಲಿ ಇಟ್ಕೊಂಡು ಹೋಗು.